ಬಲಗಡೆಯ ಬಿಳಿ ಮಬ್ಬು

ಹುಣಸೂರಿನ ಆ ಸಣ್ಣ ನರ್ಸಿಂಗ್ ಹೋಮಿಗೆ ನಾನು ಸೇರಿದಾಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಎಂಬಿಬಿಎಸ್ ಆದಮೇಲೆ ಮೈಸೂರಿನ ಹಿರಿಯ ವೈದ್ಯರೊಬ್ಬರ ಹತ್ತಿರ ಆರು ತಿಂಗಳು ಸ್ಕ್ಯಾನಿಂಗ್ ಕಲಿತಿದ್ದೆ. ಕಲಿತದ್ದು ಅಂದರೆ ಬಹುಪಾಲು ಅವರ ಬೆನ್ನ ಹಿಂದೆ ನಿಂತು ಪರದೆ ನೋಡಿದ್ದು. ಅವರು ಬೆರಳಿಟ್ಟು "ಇಗೋ ಗರ್ಭಕೋಶ, ಇಗೋ ಅಂಡಾಶಯ" ಅಂದರೆ ನನಗೂ ಕಾಣುತ್ತಿತ್ತು. ಹುಣಸೂರಿಗೆ ಬಂದು ಒಬ್ಬಳೇ ಕೂತ ದಿನವೇ ಗೊತ್ತಾಯಿತು, ಅಷ್ಟು ದಿನ ನನಗೆ ಕಂಡದ್ದು ಅವರ ಬೆರಳು ಮಾತ್ರ ಅಂತ.

ಯಂತ್ರ ಯಾರೋ ಬಳಸಿ ಮಾರಿದ್ದು. ಪರದೆ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು ಬಿಳುಪು. ವೋಲ್ಟೇಜ್ ಇಳಿದರೆ ಚಿತ್ರ ನಡುಗುತ್ತಿತ್ತು. ನಿಯಮಗಳೇನೋ ಬಾಯಿಪಾಠವಾಗಿದ್ದವು. ನೀರು ಕಪ್ಪಾಗಿ ಕಾಣುತ್ತದೆ. ಮೂಳೆ ಬೆಳ್ಳಗೆ, ಅದರ ಹಿಂದೆ ಅಚ್ಚಕಪ್ಪು ನೆರಳು. ಗಾಳಿಯೂ ಬೆಳ್ಳಗೇ, ಆದರೆ ಅದರ ನೆರಳು ಕೊಳಕು ಕೊಳಕಾಗಿರುತ್ತದೆ. ಕೊಬ್ಬೂ ಬೆಳ್ಳಗೆ. ಇಷ್ಟೆಲ್ಲ ಬಿಳಿಗಳಲ್ಲಿ ಯಾವ ಬಿಳಿ ಯಾವುದು ಅನ್ನುವುದಕ್ಕೆ ಮಾತ್ರ ಬಾಯಿಪಾಠ ಇರಲಿಲ್ಲ.

ಕಪ್ಪಿನಲ್ಲೂ ನಾನು ಸೋತಿದ್ದುಂಟು. ಹೊಟ್ಟೆಯ ಕೆಳಭಾಗ ನೋಡಬೇಕಾದರೆ ಮೂತ್ರಕೋಶ ತುಂಬಿರಬೇಕು. ಅದರ ನೀರಿನ ಮೂಲಕವೇ ಹಿಂದಿನ ಗರ್ಭಕೋಶ, ಅಂಡಾಶಯ ಕಾಣುವುದು. ಅದಕ್ಕೇ ನಮ್ಮ ಆಯಾ ಬಂದವರಿಗೆಲ್ಲ ಚೊಂಬುಗಟ್ಟಲೆ ನೀರು ಕುಡಿಸಿ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ನಾನು ಸೇರಿದ ಮೂರನೇ ವಾರ ಗಾವಡಗೆರೆ ಕಡೆಯ ಅಜ್ಜಿಯೊಬ್ಬಳು ಬಂದಳು. ಪರದೆ ತುಂಬ ಕಪ್ಪು ನೀರು. ಮೂತ್ರಕೋಶ ಮಿತಿಮೀರಿ ತುಂಬಿದೆ, ಸ್ವಲ್ಪ ಹೋಗಿ ಬಾ ಅಂದೆ. ಹೋಗಿ ಬಂದಳು. ಅಷ್ಟೇ ಕಪ್ಪು. ಇನ್ನೊಮ್ಮೆ ಕಳಿಸಿದೆ, ಮತ್ತೊಮ್ಮೆ ಕಳಿಸಿದೆ. ಕೊನೆಗೆ ಆಯಾಗೆ ರೇಗಿತು.

"ಡಾಕ್ಟ್ರಮ್ಮ, ಮೂರ್ ಸತಿ ಓಗ್ಬಂದದೆ ಆವಜ್ಜಿ. ಇನ್ನೆಲ್ಲಿಂದ ತರಾದು?"

ನಾನು ಮೂತ್ರಕೋಶ ಅಂದುಕೊಂಡದ್ದು ಅಂಡಾಶಯದಿಂದ ಎದ್ದ, ಕುಂಬಳಕಾಯಿಯಷ್ಟು ದೊಡ್ಡ ನೀರಿನ ಗಡ್ಡೆ. ಮೈಸೂರಿಗೆ ಕಳಿಸಿದೆವು, ತೆಗೆದರು, ಅಜ್ಜಿ ಚೆನ್ನಾಗಿಯೇ ಮನೆಗೆ ಹೋದಳು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಕಂಡುಹಿಡಿದಳು ಅಂತ ಹೊಗಳಿದವರೂ ಇದ್ದರು. ಕಂಡುಹಿಡಿದದ್ದು ಆಯಾ ಅಂತ ನನಗೆ, ಆಯಾಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಇದಾಗಿ ಕೆಲವು ತಿಂಗಳಿಗೆ ಒಬ್ಬ ತಾಯಿ, ಅವಳ ಮಗಳು ಬಂದರು. ಹೆಗ್ಗಡದೇವನಕೋಟೆಯಿಂದ ಮುಂದೆ, ಕಾಕನಕೋಟೆ ಕಾಡಿನ ಅಂಚಿನ ಹಳ್ಳಿಯವರು. ರಾಗಿ, ಹತ್ತಿ ಬೆಳೆಯುವ ಮನೆ. ಹುಡುಗಿಗೆ ಇಪ್ಪತ್ತೊಂದು. ಮಾತೆಲ್ಲ ತಾಯಿಯದೇ.

"ಬಲಗಡೆ ಕೆಳುಗ್ ನೋವು ಅಂತಾಳೆ ಕಣ್ರವ್ವಾ. ಬತ್ತದೆ, ಓಯ್ತದೆ. ಕ್ವಾಟೆ ಡಾಕ್ಟ್ರು ಮಾತ್ರೆ ಕೊಟ್ರು, ನಿಲ್ನಿಲ್ಲ. ಸ್ಕ್ಯಾನಿಂಗ್ ಮಾಡ್ಸಿ ಅಂದ್ರು."

ಹುಡುಗಿಯನ್ನು ಮಲಗಿಸಿ ಹೊಟ್ಟೆಗೆ ಜೆಲ್ ಹಚ್ಚುವಾಗ ತಾಯಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು.

"ವೀಳ್ಯಶಾಸ್ತ್ರ ಆಗದೆ. ಕೆ.ಆರ್. ನಗರದ ಕಡೆ ಗಂಡು. ಇನ್ನೆರಡು ತಿಂಗ್ಳಿಗೆ ಮದ್ವೆ. ಏನೂ ಇಲ್ಲ ಅಂತ ಒಂದ್ ಮಾತು ಯೋಳ್ಬುಡಿ, ನನ್ ಜೀವ ತಣ್ಣಗಾಯ್ತದೆ."

ಗರ್ಭಕೋಶ ಸರಿಯಾಗಿತ್ತು. ಎಡಗಡೆಯ ಅಂಡಾಶಯ ಪುಸ್ತಕದಲ್ಲಿದ್ದ ಹಾಗೇ ಸಿಕ್ಕಿತು: ಬಾದಾಮಿ ಆಕಾರ, ಒಳಗೆ ನಾಲ್ಕಾರು ಸಣ್ಣ ಕಪ್ಪು ಗುಳ್ಳೆ. ಕೈಯಲ್ಲಿದ್ದ ಸ್ಕ್ಯಾನಿಂಗ್ ಹಿಡಿಯನ್ನು ಬಲಗಡೆಗೆ ಹೊರಳಿಸಿದೆ. ಅಲ್ಲಿ ಅಂಡಾಶಯ ಇರಲಿಲ್ಲ. ಒಂದು ಬಿಳಿ ಮಬ್ಬಿತ್ತು. ಮೇಲ್ಗಡೆ ದಪ್ಪ ಬಿಳಿ ಗೆರೆ, ಅದರ ಕೆಳಗಿನದೆಲ್ಲ ನೆರಳಲ್ಲಿ ಕರಗಿಹೋಗಿತ್ತು. ಅಂಚು ಯಾವುದು, ಎಲ್ಲಿಗೆ ಮುಗಿಯಿತು, ಏನೂ ಹೇಳುವ ಹಾಗಿರಲಿಲ್ಲ. ಕರುಳಿನ ಗಾಳಿ ಇರಬೇಕು ಅಂದುಕೊಂಡೆ. ಒತ್ತಿ ನೋಡಿದೆ. ಹುಡುಗಿ ಹಲ್ಲು ಕಚ್ಚಿದಳು. ಮಬ್ಬು ಅಲ್ಲೇ ಇತ್ತು. ಸ್ವಲ್ಪ ಸರಿಯಿತೋ ಏನೋ. ಸರಿದದ್ದು ಅದೋ ನನ್ನ ಕೈಯೋ ಅದೂ ತಿಳಿಯಲಿಲ್ಲ.

"ನಾಳೆ ಇನ್ನೊಂದ್ಸಲ ಬರೋದಕ್ಕಾಗುತ್ತಾ?" ಅಂತ ಕೇಳಿದೆ.

"ನಾಳೆನಾ? ಕಾಡ್ ದಾರಿ ಕಣ್ರವ್ವಾ. ಕೊನೇ ಬಸ್ಸು ತಪ್ಪುದ್ರೆ ಆನೆ ಕಾಟ. ಇವತ್ತೇ ಸೀರೆ ತರಕ್ಕೆ ಅಂತ ಅವ್ರಪ್ಪಂಗೆ ಸುಳ್ ಯೋಳ್ ಬಂದಿವ್ನಿ."

ನಾನು ರಿಪೋರ್ಟ್ ಬರೆದೆ. ಬಲ ಅಂಡಾಶಯ ಕಾಣುತ್ತಿಲ್ಲ, ಕರುಳಿನ ಗಾಳಿ ಅಡ್ಡಬಂದಿದೆ, ಉಳಿದದ್ದು ಸರಿಯಾಗಿದೆ ಅಂತ ಇಂಗ್ಲಿಷಿನಲ್ಲಿ. ತಾಯಿ ಕಾಗದವನ್ನು ಮೇಲಿಂದ ಕೆಳಗೆ ನೋಡಿ ನನ್ನ ಮುಖ ನೋಡಿದಳು.

"ಏನಂತೆ?"

"ಏನೂ ಇಲ್ಲಮ್ಮ. ಗಾಳಿ ಅಷ್ಟೇ."

ಅವಳು ಎರಡೂ ಕೈ ಎತ್ತಿ ಮುಗಿದಳು. ಅವರು ಬಾಗಿಲು ದಾಟುವ ಮೊದಲೇ ನನಗೆ ಏನೋ ಎಡವಿದಂತಾಯಿತು. ಕಾಗದದಲ್ಲಿ ಕಾಣುತ್ತಿಲ್ಲ ಅಂತ ಬರೆದಿದ್ದೆ. ಬಾಯಲ್ಲಿ ಇಲ್ಲ ಅಂದಿದ್ದೆ. ಓದಲು ಬಾರದವಳಿಗೆ ತಲುಪಿದ್ದು ಬಾಯಲ್ಲಿ ಆಡಿದ್ದು ಮಾತ್ರ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಪುಸ್ತಕ ತೆಗೆದು ಅಂಡಾಶಯದ ಗಡ್ಡೆಗಳ ಅಧ್ಯಾಯ ಓದಿದೆ. ನೀರಿನದು, ರಕ್ತದ್ದು, ಗಟ್ಟಿಯದು, ಕ್ಯಾನ್ಸರಿನದು. ಒಂದು ಪುಟದಲ್ಲಿ ಬಿಳಿ ಮಬ್ಬಿನ ಚಿತ್ರ. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಅನ್ನುವ ಗಡ್ಡೆ ಅದು. ಮೇಲಿನ ಅಂಚು ಮಾತ್ರ ಕಂಡು ಉಳಿದದ್ದು ನೆರಳಲ್ಲಿ ಮುಳುಗುವುದರಿಂದ ಕಲಿಯುವವರು ಇದನ್ನು ಕರುಳಿನ ಗಾಳಿ ಅಂತ ಬಿಟ್ಟುಬಿಡುತ್ತಾರೆ ಅಂತ ಕೆಳಗೆ ಬರೆದಿತ್ತು. ನಾನು ನೆನ್ನೆ ನೋಡಿದ್ದು ಇದೇನಾ? ಹೌದು ಅನಿಸಿತು. ಚಿತ್ರವನ್ನು ಇನ್ನೊಂದು ಸಲ ನೋಡಿದೆ, ಅಲ್ಲ ಅನಿಸಿತು. ಮೂರನೇ ಸಲ ನೋಡುವಷ್ಟರಲ್ಲಿ ನೆನ್ನೆ ಪರದೆಯಲ್ಲಿ ಕಂಡದ್ದು ಯಾವುದು, ಪುಸ್ತಕದಲ್ಲಿರುವುದು ಯಾವುದು ಎರಡೂ ಕಲಸಿಹೋಗಿದ್ದವು. ಪ್ರಿಂಟ್ ತೆಗೆದಿದ್ದರೆ ಹೋಲಿಸಬಹುದಿತ್ತು. ಏನೂ ಇಲ್ಲದ್ದಕ್ಕೆ ಪ್ರಿಂಟ್ ಯಾಕೆ ಅಂತ ತೆಗೆದಿರಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಎಸ್‌ಟಿಡಿ ಬೂತಿನಿಂದ ಮೈಸೂರಿನ ಗುರುಗಳಿಗೆ ಫೋನ್ ಮಾಡಿದೆ. ಹೊರಗೆ ಜನ ಸಾಲು ನಿಂತಿದ್ದರು, ಮೆಲ್ಲಗೆ ಹೇಳಿದೆ.

"ನೀನು ನೋಡಿದ್ದು ಗಾಳಿನಾ?" ಅಂದರು.

"ಇರಬಹುದು ಸರ್."

"ಗಾಳಿ ಒಂದೇ ಕಡೆ ಕೂತಿರಲ್ಲ ಕಣಮ್ಮ, ಕರುಳು ಆಡ್ತಾ ಇರುತ್ತೆ. ಹತ್ತು ನಿಮಿಷ ಬಿಟ್ಟು ನೋಡಿದ್ಯಾ?"

"ಬಸ್ಸಿಗೆ ಹೊತ್ತಾಗಿತ್ತು ಸರ್."

"ಯಾರಿಗೆ, ನಿನಗಾ?"

"ಮತ್ತೆ ಕರೆಸು," ಅಂತ ಹೇಳಿ ಇಟ್ಟುಬಿಟ್ಟರು.

ಕರೆಸುವುದು ಹೇಗೆ? ಅವರ ಮನೆಯಲ್ಲಿ ಫೋನಿರಲಿಲ್ಲ. ಕಾರ್ಡು ಹಾಕಿದರೆ ಪೋಸ್ಟಿನವನಿಂದ ಹಿಡಿದು ಅರ್ಧ ಊರು ಓದುತ್ತದೆ. ಬಸ್ಸಿನ ಕಂಡಕ್ಟರ್ ಹತ್ತಿರ ಹೇಳಿಕಳಿಸಿದರೆ ಮಿಕ್ಕರ್ಧ ಊರಿಗೂ ತಿಳಿಯುತ್ತದೆ. ವೀಳ್ಯಶಾಸ್ತ್ರ ಆದ ಹುಡುಗಿಯನ್ನು ಹೊಟ್ಟೆ ಸ್ಕ್ಯಾನಿಂಗಿಗೆ ಮತ್ತೆ ಕರೆದಿದ್ದಾರೆ ಅಂದರೆ ಜನ ಏನಂದುಕೊಳ್ಳುತ್ತಾರೆ ಅಂತ ಯೋಚಿಸಿ ಎರಡು ದಿನ ಕಳೆದೆ. ಅಲ್ಲಿ ನಿಜವಾಗಿ ಏನೂ ಇಲ್ಲದೆಯೂ ಇರಬಹುದಲ್ಲ. ಇಲ್ಲದ್ದಕ್ಕೆ ಒಂದು ಮದುವೆ ಕೆಡಿಸಿದರೆ? ಇದ್ದದ್ದನ್ನು ಬಿಟ್ಟರೆ? ಯಾವ ಕಡೆ ವಾಲಿದರೂ ಇನ್ನೊಂದು ಕಡೆಯೇ ಸರಿ ಅನಿಸುತ್ತಿತ್ತು. ಭಾನುವಾರ ಬೆಳಿಗ್ಗೆ ನಾನೇ ಬಸ್ಸು ಹತ್ತಿದೆ.

ಹೆಗ್ಗಡದೇವನಕೋಟೆಯಲ್ಲಿ ಬಸ್ಸು ಬದಲಾಯಿಸಿ, ಅಂತರಸಂತೆ ದಾಟಿ, ಇಳಿದು ಒಂದು ಮೈಲಿ ನಡೆದೆ. ರಿಜಿಸ್ಟರಿನಲ್ಲಿದ್ದ ಊರ ಹೆಸರು, ಅಪ್ಪನ ಹೆಸರು ಕೇಳುತ್ತಾ ಮನೆ ಹುಡುಕಿದೆ. ಜಗಲಿಯ ಮೇಲೆ ಹೊಸ ಚಾಪೆ ಹಾಸಿ ಇಬ್ಬರು ಕೂತಿದ್ದರು, ಕೈಯಲ್ಲಿ ಕಾಫಿ ಲೋಟ. ಒಬ್ಬರು ದೊಡ್ಡ ಕುಂಕುಮದ ಹೆಂಗಸು, ಇನ್ನೊಬ್ಬರು ಮೀಸೆಯ ಗಂಡಸು. ತಾಯಿ ಒಳಗಿನಿಂದ ತಟ್ಟೆ ಹಿಡಿದು ಬಂದವಳು ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಒಂದು ಕ್ಷಣ ಅಷ್ಟೇ.

"ಬನ್ನಿ ಬನ್ನಿ ಟೀಚರಮ್ಮ," ಅಂದಳು. ಆಮೇಲೆ ಜಗಲಿಯವರ ಕಡೆ ತಿರುಗಿ, "ನಮ್ಮುಡ್ಗಿಗೆ ಉಣಸೂರಲ್ಲಿ ಒಲಿಗೆ ಯೋಳ್ಕೊಟ್ಟೋರು. ಬೀಗ್ರು ಬಂದವ್ರೆ ಕಣ್ರಿ, ಗಂಡಿನ್ ತಾಯಿ, ದೊಡ್ಡಪ್ಪ."

ನಾನು ಕೈ ಮುಗಿದೆ. ಗಂಡಿನ ತಾಯಿ ನಕ್ಕು ಪಕ್ಕದಲ್ಲಿ ಜಾಗ ಮಾಡಿದರು.

"ಅಂಗಾರೆ ನನ್ಗೊಂದು ಯೋಳಿ ಟೀಚರಮ್ಮ. ಈ ರೇಷ್ಮೆ ಕುಬ್ಸುಕ್ಕೆ ಲೈನಿಂಗ್ ಕೊಟ್ರೆ ಬಾಳ್ಕೆ ಬತ್ತದಾ?"

ನನಗೆ ಗುಂಡಿ ಹಾಕುವುದು ಬಿಟ್ಟರೆ ಹೊಲಿಗೆಯಲ್ಲಿ ಏನೂ ಬರುತ್ತಿರಲಿಲ್ಲ. "ಬರುತ್ತೆ," ಅಂದೆ. ಒಂದೇ ವಾರದಲ್ಲಿ, ನನಗೆ ಗೊತ್ತಿಲ್ಲದ ವಿಷಯದ ಬಗ್ಗೆ ಗೊತ್ತಿರುವವಳಂತೆ ಹೇಳಿದ್ದು ಅದು ಎರಡನೇ ಸಲ.

ತಾಯಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹುಡುಗಿ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಮೆಲ್ಲಗೆ, ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕು, ಬಲಗಡೆ ಗಡ್ಡೆಯೊಂದು ಇದ್ದರೂ ಇರಬಹುದು ಅಂದೆ. ತಾಯಿಯ ಮುಖ ಕೆಂಪಾಯಿತು.

"ಅವತ್ತು ಏನೂ ಇಲ್ಲ ಅಂದ್ರಲ್ಲವ್ವಾ? ಇವತ್ತು ಅದೆ ಅಂತೀರಾ?"

"ಇದೆ ಅಂತಾನೂ ಹೇಳ್ತಿಲ್ಲಮ್ಮ."

"ಅದೆ ಅಂತ್ಲೂ ಯೋಳಲ್ಲ, ಇಲ್ಲ ಅಂತ್ಲೂ ಯೋಳಲ್ಲ. ಮತ್ತೇನ್ ಯೋಳಕ್ಕೆ ಬಂದಿದ್ದೀರಿ, ಬೀಗ್ರು ಮನೇಲಿರೋವಾಗ?"

"ಅವತ್ತು ನನಗೆ ಕಾಣಲಿಲ್ಲ ಅನ್ನಬೇಕಿತ್ತು. ಇಲ್ಲ ಅಂದ್ಬಿಟ್ಟೆ. ತಪ್ಪು ನಂದೇ."

ತಾಯಿಗೆ ಈ ಎರಡು ಮಾತಿನ ವ್ಯತ್ಯಾಸ ಹಿಡಿಯಲಿಲ್ಲ. ಹಿಡಿಯಬೇಕಾದ ಕಾರಣವೂ ಇರಲಿಲ್ಲ. "ಡಾಕ್ಟ್ರುಗೇ ಕಾಣ್ನಿಲ್ಲ ಅಂದ್ರೆ ಇನ್ಯಾರ್ಗೆ ಕಾಣ್ತದೆ?" ಅಂದಳು. ಹುಡುಗಿ ಬೂದಿ ಮೆತ್ತಿದ ಕೈಯನ್ನು ಬಕೆಟ್ಟಿನಲ್ಲಿ ಅದ್ದಿ ಎದ್ದಳು.

"ನಾನ್ ಬತ್ತೀನಿ. ಮೊನ್ನಿಂದ ನೋವು ಜಾಸ್ತಿ ಆಗದೆ. ಅವ್ವಂಗೆ ಯೋಳಿರ್ನಿಲ್ಲ."

ಮಂಗಳವಾರ ಇಬ್ಬರೂ ಬಂದರು. ಈ ಸಲ ನಾನು ಗಡಿಯಾರ ನೋಡಲಿಲ್ಲ. ಮಬ್ಬು ಅದೇ ಜಾಗದಲ್ಲಿತ್ತು. ಹುಡುಗಿಯನ್ನು ಎಡಕ್ಕೆ ಮಲಗಿಸಿದೆ, ಬಲಕ್ಕೆ ಮಲಗಿಸಿದೆ, ಎದ್ದು ಓಡಾಡಿ ಬರಲು ಹೇಳಿದೆ. ಸುತ್ತಲಿನ ಕರುಳು ಹುಳದ ಹಾಗೆ ಆಡುತ್ತಿತ್ತು. ಮಬ್ಬು ಆಡಲಿಲ್ಲ. ಓರೆಯಾಗಿ ಕೆಳಗಿನಿಂದ ನೋಡಿದಾಗ ಅದಕ್ಕೊಂದು ದುಂಡಗಿನ ಅಂಚಿರುವುದು ಮೊದಲ ಬಾರಿಗೆ ಕಂಡಿತು, ಮೂಸಂಬಿಯ ಗಾತ್ರ. ಒಳಗೆ ಸಣ್ಣ ಬಿಳಿ ಗೆರೆಗಳು, ಚುಕ್ಕೆಗಳು. ಒಂದು ಮೂಲೆಯಲ್ಲಿ ಭತ್ತದ ಕಾಳಿನಷ್ಟು ಬಿಳಿ, ಅದರ ಹಿಂದೆ ಅಚ್ಚಕಪ್ಪು ನೆರಳು. ಮೂಳೆಗೆ ಬೀಳುವಂಥ ನೆರಳು. ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯದೆ ನಾನು ಪರದೆ ನೋಡುತ್ತಲೇ ಇದ್ದೆ. ಹುಡುಗಿ ಕೇಳಿದಳು: "ಅದೆಯಾ?"

"ಇದೆ," ಅಂದೆ.

ಅವಳು ಕಣ್ಣು ಮುಚ್ಚಿ, "ಸದ್ಯ. ನಾನ್ ಸುಳ್ ನೋವು ಅಂತೀನಿ ಅನ್ಕೊಂಡಿದ್ರು ಎಲ್ಲಾರೂವೆ," ಅಂದಳು.

ಮೈಸೂರಿನಲ್ಲಿ ಆಪರೇಷನ್ ಆಯಿತು. ನಾನೂ ಹೋಗಿದ್ದೆ. ಗಡ್ಡೆಯ ಬುಡ ಒಂದು ಸುತ್ತು ತಿರುಚಿಕೊಂಡಿತ್ತು. ಇನ್ನೊಂದು ಸುತ್ತು ತಿರುಗಿದ್ದರೆ ಅಂಡಾಶಯ ಕಪ್ಪಾಗಿ ಸತ್ತೇಹೋಗುತ್ತಿತ್ತು ಅಂತ ಸರ್ಜನ್ ಹೇಳಿದರು. ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸಿದರು. ಆಮೇಲೆ ಅಲ್ಲಿನ ರೂಢಿಯಂತೆ ತೆಗೆದದ್ದನ್ನು ಟ್ರೇಯಲ್ಲಿಟ್ಟು ತಾಯಿಗೆ ತೋರಿಸಿದರು. ಗಟ್ಟಿಕಟ್ಟಿದ ತುಪ್ಪದಂಥ ಕೊಬ್ಬು, ಅದರಲ್ಲಿ ಉಂಡೆ ಸುತ್ತಿದ ಕೂದಲು, ಎರಡು ಹಲ್ಲು. ತಾಯಿ ಗೋಡೆಗೆ ಕೈಕೊಟ್ಟು ಕೆಳಗೆ ಕೂತಳು.

"ಮಗಾನಾ?" ಅಂದಳು.

"ಅಲ್ಲಮ್ಮ, ಖಂಡಿತ ಅಲ್ಲ."

"ಅಲ್ಲುಗ್ಳು ಅವಲ್ಲವ್ವಾ."

ನಾನೂ ಅವಳ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಅಂಡಾಶಯದ ಕಣಗಳಿಗೆ ಚರ್ಮ, ಕೂದಲು, ಹಲ್ಲು ಎಲ್ಲವನ್ನೂ ಮಾಡುವ ಶಕ್ತಿ ಇರುತ್ತದೆ. ಯಾವುದೋ ಒಂದು ಕಣ ದಾರಿ ತಪ್ಪಿ ತನ್ನಷ್ಟಕ್ಕೆ ತಾನೇ ಬೆಳೆದುಬಿಡುತ್ತದೆ. ಗಂಡಸಿಗೂ ಇದಕ್ಕೂ ಸಂಬಂಧವಿಲ್ಲ, ಮಾಟಕ್ಕೂ ಸಂಬಂಧವಿಲ್ಲ. ಹುಟ್ಟುವಾಗಲೇ ಇದರ ಬೀಜ ಇವಳ ಒಳಗಿತ್ತು ಅಂದೆ. ಅವಳು ಟ್ರೇಯನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಉಟ್ಟೋವಾಗ್ಲೇ ಇತ್ತು ಅಂದ್ರೆ ನನ್ ಒಟ್ಟೇಲೇ ಸುರುವಾಗಿರ್ಬೇಕಲ್ವಾ? ಅಂಗಾರೆ ನಾನೇ ಏನೋ ತಿನ್ಬಾರದ್ದು ತಿಂದಿದ್ನಾ?"

ಇಲ್ಲ ಅಂದೆ. ಈ ಸಲದ ಇಲ್ಲ ಮಾತ್ರ ಖಚಿತವಾಗಿ ಗೊತ್ತಿದ್ದು ಹೇಳಿದ್ದು. ಆದರೂ ಅವಳು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಊರಿಗೆ, ಬೀಗರಿಗೆ, ಎಲ್ಲರಿಗೂ ಅಪೆಂಡಿಕ್ಸ್ ಆಪರೇಷನ್ ಅಂತ ಹೇಳಿದರು. ಮದುವೆ ಮೂರು ತಿಂಗಳು ಮುಂದೆ ಹೋಯಿತು. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಪರಿಚಯವಿಲ್ಲದ ಯುವಕನೊಬ್ಬ ನರ್ಸಿಂಗ್ ಹೋಮಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಹೆಲ್ಮೆಟ್. ಕೆ.ಆರ್. ನಗರದ ಕಡೆಯವನು, ಆ ಹುಡುಗಿಯನ್ನು ಮದುವೆಯಾಗುವವನು ಅಂದ.

"ಅಪೆಂಡಿಕ್ಸ್ ಅಲ್ವಂತಲ್ಲ ಮೇಡಂ. ಕೂದ್ಲು, ಅಲ್ಲು ಇತ್ತಂತೆ. ಏನದು?"

ಆಸ್ಪತ್ರೆಯ ಯಾರೋ ಆಡಿಬಿಟ್ಟರೇ? ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ ಅಂದೆ.

"ಅವ್ಳೇ ಕಳ್ಸಿದ್ದು," ಅಂದ. "ಕ್ವಾಟೆಲಿ ಸಿಕ್ಕಿದ್ಲು. ಸುಳ್ ಯೋಳಿ ಮದ್ವೆ ಆಗಲ್ಲ, ಓಗಿ ಡಾಕ್ಟ್ರಮ್ಮನ್ನೇ ಕೇಳ್ಕೊ ಅಂದ್ಲು."

ನಂಬಬೇಕೋ ಬಿಡಬೇಕೋ? ನಿಜವಿದ್ದರೂ ಇರಬಹುದು, ನನ್ನ ಬಾಯಿ ಬಿಡಿಸಲು ಹೂಡಿದ ಆಟವೂ ಆಗಿರಬಹುದು. ಅವನ ಮುಖ ನೋಡಿದೆ. ಮುಖ ನೋಡಿ ಹೇಳುವಷ್ಟು ವಿದ್ಯೆ ನನಗಿರಲಿಲ್ಲ. "ಅವಳ ಜೊತೆ ಬನ್ನಿ, ಇಬ್ಬರ ಎದುರಿಗೇ ಹೇಳ್ತೀನಿ," ಅಂತ ಕಳಿಸಿದೆ.

ಎಂಟು ದಿನಕ್ಕೆ ಇಬ್ಬರೂ ಬಂದರು. ತಾಯಿ ಬಂದಿರಲಿಲ್ಲ. ಅವಳಿಗೆ ಹೇಳಿಯೂ ಇರಲಿಲ್ಲ. ನಾನು ಕಾಗದದ ಮೇಲೆ ಗರ್ಭಕೋಶ, ಎರಡು ಅಂಡಾಶಯ ಬರೆದು ತಾಯಿಗೆ ಹೇಳಿದ್ದನ್ನೇ ಹೇಳಿದೆ. ಎರಡೂ ಕಡೆ ಅಂಡಾಶಯ ಉಳಿದಿದೆ, ಮಕ್ಕಳಾಗಲು ಇದರಿಂದ ತೊಂದರೆ ಇಲ್ಲ, ಆದರೆ ಇನ್ನೊಂದು ಕಡೆ ಮುಂದೆ ಇಂಥದ್ದು ಬರುವುದೇ ಇಲ್ಲ ಅಂತ ಮಾತ್ರ ಯಾರೂ ಹೇಳಲಾಗದು ಅಂದೆ. ಅವನು ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ.

"ನೋವಾಯ್ತಿತ್ತಾ?" ಅಂತ ಅವಳನ್ನು ಕೇಳಿದ.

"ಊಂ."

"ಎಷ್ಟ್ ದಿನದಿಂದ?"

"ವರ್ಸದಿಂದ."

"ವೀಳ್ಯಶಾಸ್ತ್ರದ್ ದಿನಾನೂ?"

ಅವಳು ತಲೆಯಾಡಿಸಿದಳು. ಅವನು ಚಿತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮವ್ವಂಗೆ ಅಪೆಂಡಿಕ್ಸ್ ಅಂತ್ಲೇ ಇರ್ಲಿ ಮೇಡಂ," ಅಂದ.

ಮದುವೆ ಆಯಿತು. ಕರೆಯೋಲೆ ಬಂದಿತ್ತು. ಗಂಡಿನ ತಾಯಿ ಎದುರಾದರೆ ನಾನು ಯಾರು, ಡಾಕ್ಟರೋ ಹೊಲಿಗೆ ಟೀಚರೋ ಅಂತ ತೀರ್ಮಾನಿಸಲಾಗದೆ ಹೋಗಲಿಲ್ಲ. ಆ ನಡುವೆ ಹುಣಸೂರಿನಲ್ಲಿ ನನ್ನ ಹೆಸರು ಸ್ವಲ್ಪ ಕೆಟ್ಟಿತ್ತು. ಕಾಣದಿದ್ದಾಗ ಕಾಣಲಿಲ್ಲ, ಇನ್ನೊಮ್ಮೆ ಬನ್ನಿ ಅನ್ನುತ್ತಿದ್ದೆನಲ್ಲ, ಆ ಡಾಕ್ಟ್ರಮ್ಮಂಗೆ ಒಂದೇ ಸತಿಗೆ ಏನೂ ಗೊತ್ತಾಗಲ್ಲ ಅಂತ ಕೆಲವರು ಪಿರಿಯಾಪಟ್ಟಣದ ಸ್ಕ್ಯಾನಿಂಗಿಗೆ ಹೋಗತೊಡಗಿದ್ದರು. ಅವರು ಹೇಳಿದ್ದು ಸುಳ್ಳೂ ಅಲ್ಲ.

ಎರಡು ವರ್ಷದ ಮೇಲೆ ತಾಯಿ ಒಬ್ಬಳೇ ಬಂದಳು. ಮಗಳಿಗೆ ಕೆ.ಆರ್. ನಗರದಲ್ಲಿ ಹೆರಿಗೆಯಾಗಿದೆ, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂದಳು. ಸೆರಗಿನ ಗಂಟಿನಿಂದ ಸಕ್ಕರೆ ಪೊಟ್ಟಣ ತೆಗೆದು ಆಯಾಗೂ ನನಗೂ ಕೊಟ್ಟಳು. ಕೂತು ನೀರು ಕುಡಿದು, ಹೊರಡುವ ಮುಂಚೆ ಕೇಳಿದಳು.

"ಮಗೀಗೆ ಉಟ್ಟುತ್ಲೇ ತಲೆ ತುಂಬ ಕೂದ್ಲು ಕಣ್ರವ್ವಾ. ಅದ್ಕೂ ಸ್ಕ್ಯಾನಿಂಗ್ ಮಾಡುಸ್ಬೇಕಾ?"

ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ. ಬೇಡಮ್ಮ, ತಲೆಗೆ ಹರಳೆಣ್ಣೆ ಹಚ್ಚಿ ನೀರು ಹಾಕಿ ಸಾಕು ಅಂದೆ. ಅವಳು ಇನ್ನೂ ಏನೋ ಕೇಳುವುದಿತ್ತು ಅನ್ನುವಂತೆ ನಿಂತಿದ್ದು, ಕೋಟೆ ಬಸ್ಸಿನ ಹಾರ್ನ್ ಕೇಳಿ ಹೊರಟುಹೋದಳು.